ಡೋಸ್ ಕೊಡುವ ಮುನ್ನವೇ ಫಲದ ಅಂದಾಜು: ನನ್ನ ಅನುಭವ

ಥೈರಾಯ್ಡ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿಸಿ ಬಂದ ರೋಗಿಗೆ ರೇಡಿಯೋ ಅಯೋಡಿನ್ (ಉಳಿದ ಥೈರಾಯ್ಡ್ ಕೋಶಗಳನ್ನು ನಾಶಮಾಡುವ ವಿಕಿರಣಶೀಲ ಅಯೋಡಿನ್) ಎಷ್ಟರಮಟ್ಟಿಗೆ ಫಲ ಕೊಡುತ್ತದೆಂದು ಎರಡು ಅಂಕಿಗಳನ್ನು ಒಟ್ಟಿಗೆ ನೋಡಿ ಮೊದಲೇ ಅಂದಾಜಿಸಬಹುದು ಎಂದಾಗ, ಕ್ಯಾನ್ಸರ್ ರೋಗಿಗಳ ಚಿಕಿತ್ಸೆಯನ್ನು ಚರ್ಚಿಸುವ ನಮ್ಮ ವೈದ್ಯರ ಸಭೆ, ಟ್ಯೂಮರ್ ಬೋರ್ಡಿನಲ್ಲಿ ಒಪ್ಪಿದವರು ಕಡಿಮೆ. ಈಗ ಮುನ್ನೂರರ ಆಸುಪಾಸು ರೋಗಿಗಳ ಫಾಲೋಅಪ್ ನನ್ನ ಬಳಿ ಇದ್ದು, ನೆನಪಿನಿಂದ ಹೇಳುವುದಾದರೆ ಹತ್ತರಲ್ಲಿ ಎಂಟು ಮಂದಿಯ ವಿಷಯದಲ್ಲಿ ಅಂದಾಜು ನಿಜವಾಗಿದೆ. ಇದರ ಬಗ್ಗೆ ನನಗೆ ಹೆಮ್ಮೆಯಿದೆ.

ಮೊದಲು ಹಿಡಿದ ದಾರಿಗಳು ಫಲಿಸಲಿಲ್ಲ. ಸ್ಕ್ಯಾನ್ ಚಿತ್ರಗಳಿಂದ ನೂರಾರು ಲಕ್ಷಣಗಳನ್ನು ಹೊರತೆಗೆದು ಕಟ್ಟಿದ ಕಂಪ್ಯೂಟರ್ ಮಾದರಿ ನಮ್ಮ ಹಳೆಯ ದಾಖಲೆಗಳ ಮೇಲೆ ಅದ್ಭುತವಾಗಿ ನಡೆಯಿತು, ಕ್ಯಾಮೆರಾ ಬದಲಾದೊಡನೆ ಕುಸಿಯಿತು.  ಎಲ್ಲರಿಗೂ ಬಿರಾಫ್ (BRAF) ಎಂಬ ಜೀನಿನ ಪರೀಕ್ಷೆ ಮಾಡಿಸುವ ಯೋಚನೆಯನ್ನೂ ರೋಗಿಗಳ ಖರ್ಚು ನೆನೆದು ಕೈಬಿಟ್ಟೆವು. ಆ ಜೀನಿನಲ್ಲಿ ರೂಪಾಂತರವಿದ್ದರೆ ಗಡ್ಡೆಯ ಅಯೋಡಿನ್ ಹೀರುವ ಶಕ್ತಿ ಕುಗ್ಗುವುದು ನಿಜ, ಆದರೆ ಅದೊಂದೇ ನಮ್ಮ ತೀರ್ಮಾನವನ್ನು ಬದಲಿಸುತ್ತಿರಲಿಲ್ಲ.

ಕೊನೆಗೆ ನಿಂತದ್ದು ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನು) ಮೂವತ್ತು ದಾಟಿದಾಗಿನ ಥೈರೋಗ್ಲೋಬ್ಯುಲಿನ್ (ಟಿಜಿ; ಥೈರಾಯ್ಡ್ ಕೋಶಗಳು ಮಾತ್ರ ತಯಾರಿಸುವ ಪ್ರೋಟೀನು) ಮತ್ತು ಇಪ್ಪತ್ತನಾಲ್ಕು ಗಂಟೆಯಲ್ಲಿ ಕತ್ತು ಎಷ್ಟು ಶೇಕಡ ಅಯೋಡಿನ್ ಹೀರಿದೆ ಎಂಬ ಅಪ್‌ಟೇಕ್. ಟಿಜಿ ಮಿಲಿಲೀಟರಿಗೆ ಹತ್ತು ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಒಳ್ಳೆಯದೆಂಬುದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಸರ್ಜನ್ ಹೆಚ್ಚು ಗ್ರಂಥಿಯನ್ನು ಉಳಿಸಿ, ಅದರಿಂದ ಅಪ್‌ಟೇಕ್ ಹೆಚ್ಚಿದ್ದರೆ ಟಿಜಿ ಹದಿನೈದಿದ್ದರೂ ನಾನು ಗಾಬರಿಯಾಗುವುದಿಲ್ಲ, ಅಪ್‌ಟೇಕ್ ಅರ್ಧ ಶೇಕಡವೂ ಇಲ್ಲದೆ ಅದೇ ಹದಿನೈದು ಬಂದರೆ ಆ ಟಿಜಿ ಬೇರೆಲ್ಲಿಂದಲೋ ಬರುತ್ತಿದೆ ಎಂದು ಹುಡುಕಲು ತೊಡಗುತ್ತೇನೆ. ಇವೆರಡನ್ನೂ ಯಾವ ಪ್ರಮಾಣದಲ್ಲಿ ತೂಗಬೇಕೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಪ್ರತಿ ಕೇಂದ್ರವೂ ತನ್ನ ಪ್ರಯೋಗಾಲಯದ ಕಿಟ್‌ಗೆ ತಕ್ಕಂತೆ ಅದನ್ನು ತಾನೇ ಕಂಡುಕೊಳ್ಳಬೇಕು.

ಅಪ್‌ಟೇಕ್ ಅಳೆಯಲು ಕೆಲವೇ ಮೈಕ್ರೋಕ್ಯೂರಿ (ವಿಕಿರಣದ ಅಳತೆ; ಇಂಥ ಸಾವಿರ ಸೇರಿದರೆ ಒಂದು ಮಿಲಿಕ್ಯೂರಿ) ಬಳಸುತ್ತೇವೆ; ದೊಡ್ಡ ಡಯಾಗ್ನಾಸ್ಟಿಕ್ ಡೋಸ್ ಕೊಟ್ಟು ಆಮೇಲಿನ ಚಿಕಿತ್ಸೆಯ ಡೋಸನ್ನು ಸರಿಯಾಗಿ ಹೀರದಂತೆ ಗ್ರಂಥಿಯನ್ನು ಮಂಕುಗೊಳಿಸುವುದು ನನಗೆ ಒಪ್ಪಿಗೆಯಿಲ್ಲ. ಆಂಟಿ-ಟಿಜಿ (ಟಿಜಿಯ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಪಾಸಿಟಿವ್ ಇದ್ದವರನ್ನು ಲೆಕ್ಕದಿಂದ ಹೊರಗಿಡುತ್ತೇವೆ, ಅವರಲ್ಲಿ ಟಿಜಿ ಸುಳ್ಳಾಗಿ ಕಡಿಮೆ ತೋರುತ್ತದೆ. ದೇಹದಲ್ಲಿ ಬೇರೆ ಅಯೋಡಿನ್ ಹೆಚ್ಚಿದ್ದರೆ ಅಪ್‌ಟೇಕ್ ಕುಗ್ಗುವುದರಿಂದ, ನಡುವೆ ಮೂತ್ರದ ಅಯೋಡಿನ್ ಕೂಡ ಅಳೆದು ನೋಡಿದೆವು. ಅಯೋಡಿನ್ ಕಡಿಮೆಯಿರುವ ಪಥ್ಯ ಪಾಲಿಸುತ್ತೇನೆಂದು ಹೇಳಿ ಅಯೋಡಿನ್ ಉಪ್ಪನ್ನೇ ಬಳಸುತ್ತಿದ್ದವರೂ, ಇತ್ತೀಚೆಗೆ ಅಯೋಡಿನ್ ಇರುವ ಔಷಧಿ ಚುಚ್ಚಿ ಮಾಡುವ ಕಾಂಟ್ರಾಸ್ಟ್ ಸಿಟಿ ಸ್ಕ್ಯಾನ್ ಮಾಡಿಸಿಕೊಂಡವರೂ ಅಲ್ಲಿ ಸಿಕ್ಕಿಬಿದ್ದರು. ಈ ಪರೀಕ್ಷೆಯನ್ನು ಈಗಲೂ ಬಿಟ್ಟಿಲ್ಲ.

ಹಣದ ವಿಷಯದಲ್ಲಿ ಲಾಭ ಸ್ಪಷ್ಟವಾಗಿದೆ. ಅಬ್ಲೇಷನ್‌ಗೆ (ಶಸ್ತ್ರಚಿಕಿತ್ಸೆಯ ನಂತರ ಉಳಿದ ಗ್ರಂಥಿಯನ್ನು ನಾಶಮಾಡಲು) ಮೂವತ್ತು ಮಿಲಿಕ್ಯೂರಿಯೂ ನೂರಕ್ಕೆ ಸಮ ಎಂದು 2012ರಲ್ಲಿ ಬ್ರಿಟನ್ ಮತ್ತು ಫ್ರಾನ್ಸಿನ ಎರಡು ಅಧ್ಯಯನಗಳು ತೋರಿಸಿದ್ದರೂ, ನಮ್ಮಲ್ಲಿ ಕಡಿಮೆ ಅಪಾಯದವರಿಗೂ ಧೈರ್ಯಕ್ಕೆಂದು ನೂರನ್ನೇ ಕೊಡುವ ರೂಢಿಯಿತ್ತು. ಈಗ ಅಂದಾಜು ಚೆನ್ನಾಗಿರುವ ಕಡಿಮೆ ಅಪಾಯದ ರೋಗಿಗೆ ಮೂವತ್ತೇ ಕೊಡುತ್ತೇವೆ, ಅದರಿಂದ ಬಿಡುವಾದ ಐಸೊಲೇಷನ್ ವಾರ್ಡಿನ (ವಿಕಿರಣ ಇತರರಿಗೆ ತಾಗದಂತೆ ರೋಗಿಯನ್ನು ಪ್ರತ್ಯೇಕವಾಗಿಡುವ ವಾರ್ಡು) ಹಾಸಿಗೆಗಳನ್ನು ಶ್ವಾಸಕೋಶ ಅಥವಾ ಮೂಳೆಗೆ ಹರಡಿದವರಿಗೆ ಮೀಸಲಿಡುತ್ತೇವೆ.