ನೂರಕ್ಕೆ ಮೂರು ಬಡ್ಡಿ: ಕಾನೂನು ಒಪ್ಪುವುದೆಷ್ಟು?

ಜೂನ್ ತಿಂಗಳಲ್ಲಿ ಮಕ್ಕಳ ಶಾಲೆಯ ಖರ್ಚು ಒಂದು ಕಡೆ, ಅಡಿಕೆ ತೋಟಕ್ಕೆ ಮದ್ದು ಬಿಡುವ ಖರ್ಚು ಇನ್ನೊಂದು ಕಡೆ ಸೇರಿಕೊಂಡು, ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಬದಿಯಡ್ಕ ಕಡೆಯ ಎಷ್ಟೋ ಮನೆಗಳ ಚಿನ್ನ ಅಡಮಾನಕ್ಕೆ ಹೋಗುತ್ತದೆ. ಅಲ್ಲಿ ಕೇಳಿಬರುವ ‘ನೂರಕ್ಕೆ ಮೂರು’ ಎಂಬುದು ತಿಂಗಳ ಲೆಕ್ಕ. ಕಾನೂನು ನೋಡುವುದು ವರ್ಷದ ಲೆಕ್ಕವನ್ನು.

ಆದ್ದರಿಂದ ಮೊದಲು ಬಡ್ಡಿಯನ್ನು ವರ್ಷಕ್ಕೆ ತಿರುಗಿಸಿಕೊಳ್ಳಬೇಕು. ನೂರಕ್ಕೆ ಮೂರು ಎಂದರೆ ವರ್ಷಕ್ಕೆ ಶೇ 36. ದಿನವಹಿ ವಸೂಲಿಯ ಸಾಲದಲ್ಲಿ ಲೆಕ್ಕ ಇಷ್ಟು ಸುಲಭವಲ್ಲ. 10,000 ರೂಪಾಯಿ ಸಾಲವೆಂದು ಬರೆದುಕೊಂಡು, 1,000 ರೂಪಾಯಿಯನ್ನು ಮೊದಲೇ ಮುರಿದುಕೊಂಡು, ದಿನಕ್ಕೆ 100ರಂತೆ 100 ದಿನ ವಸೂಲು ಮಾಡಿದರೆ ಬಡ್ಡಿ ಶೇ 10 ಎಂದೇ ತೋರುತ್ತದೆ. ಆದರೆ ಕೈಗೆ ಬಂದದ್ದು 9,000. ಅದೂ ಮರುದಿನದಿಂದಲೇ ಕರಗತೊಡಗುವುದರಿಂದ ನಿಜವಾದ ವಾರ್ಷಿಕ ದರ ಶೇ 75ನ್ನು ದಾಟುತ್ತದೆ.

ಆಮೇಲೆ, ಸಾಲ ಕೊಡುವವರು ಯಾರೆಂದು ತಿಳಿಯಬೇಕು. ಮಿತಿ ನಿಂತಿರುವುದೇ ಅದರ ಮೇಲೆ. ಖಾಸಗಿ ಲೇವಾದೇವಿದಾರರಿಗೆ ಕೇರಳದ 1958ರ ಕಾಯ್ದೆಯಂತೆ ಪರವಾನಗಿ ಬೇಕು. ವಾಣಿಜ್ಯ ಬ್ಯಾಂಕುಗಳು ಸಾಲಕ್ಕೆ ವಿಧಿಸುವ ಗರಿಷ್ಠ ದರಕ್ಕಿಂತ ಶೇ 2ರಷ್ಟು ಮಾತ್ರ ಹೆಚ್ಚು ಬಡ್ಡಿಯನ್ನು ಅವರು ಪಡೆಯಬಹುದು. ಇದನ್ನು ಮೀರಿದರೆ 2012ರ ವಿಪರೀತ ಬಡ್ಡಿ ನಿಷೇಧ ಕಾಯ್ದೆಯಡಿ 3 ವರ್ಷದವರೆಗೆ ಸೆರೆವಾಸ, 50,000 ರೂಪಾಯಿವರೆಗೆ ದಂಡ ಉಂಟು. ನಮ್ಮಲ್ಲಿ ‘ಬ್ಲೇಡ್’ ಎಂದು ಕರೆಯುವ ವ್ಯವಹಾರಕ್ಕೆ ಅನ್ವಯಿಸಬೇಕಾದದ್ದು ಇದೇ ಕಾಯ್ದೆ. ಗಡಿಯ ತಲಪಾಡಿ ದಾಟಿ ಮಂಗಳೂರಿನಲ್ಲಿ ಸಾಲ ಪಡೆದರೆ ಕರ್ನಾಟಕದ ಕಾನೂನು ನಡೆಯುತ್ತದೆ: ಅಡಮಾನವಿದ್ದರೆ ಶೇ 14, ಇಲ್ಲದಿದ್ದರೆ ಶೇ 16.

ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಚಿನ್ನದ ಸಾಲದ ಕಂಪನಿಗಳ ಮಾತು ಬೇರೆ. ಅವುಗಳಿಗೆ ಕೇರಳದ ಲೇವಾದೇವಿ ಕಾಯ್ದೆ ಅನ್ವಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಮೇ 10ರಂದು ತೀರ್ಪಿತ್ತಿತು. ರಿಸರ್ವ್ ಬ್ಯಾಂಕು ಅವುಗಳಿಗೆ ಗರಿಷ್ಠ ದರವನ್ನು ಗೊತ್ತುಮಾಡಿಲ್ಲ. ವಾರ್ಷಿಕ ದರವನ್ನು ಸಾಲಪತ್ರದಲ್ಲಿ ತೋರಿಸಲೇಬೇಕೆಂದು ಮಾತ್ರ ವಿಧಿಸಿದೆ. ದೊಡ್ಡ ಫಲಕ, ತಂಪು ಕೋಣೆ ನೋಡಿ ಬಡ್ಡಿಗೆ ಮಿತಿ ಇದ್ದೀತೆಂದು ನಂಬುವವರೇ ಹೆಚ್ಚು. ವಾಸ್ತವ ಅದಕ್ಕೆ ವಿರುದ್ಧ.

ಸಹಿ ಹಾಕುವ ಮುನ್ನ ಕಾಗದವನ್ನು ಓದಬೇಕೆಂಬುದು ಎಲ್ಲರಿಗೂ ಗೊತ್ತು, ಆದರೆ ಮಲಯಾಳ ಓದಲು ಬಾರದ ಕನ್ನಡಿಗರಿಗೆ ಅದೇ ಕಷ್ಟ. ಇಂಥ ಕಂಪನಿಗಳು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ವ್ಯವಹರಿಸಬೇಕೆಂಬ ನಿಯಮವಿರುವುದರಿಂದ ಕನ್ನಡದ ಪ್ರತಿಯನ್ನು ಕೇಳುವುದರಲ್ಲಿ ಸಂಕೋಚ ಬೇಡ. ಒಡವೆಯ ತೂಕ, ಶುದ್ಧತೆ, ಬಡ್ಡಿ ದರ, ಹರಾಜಿನ ಷರತ್ತು, ಇಷ್ಟೂ ಬರಹದಲ್ಲಿರಲಿ. ಬಡ್ಡಿ ಕಟ್ಟಿದಾಗಲೆಲ್ಲ ರಶೀದಿ ಪಡೆಯಿರಿ.

ಖಾಸಗಿಯವರು ಮಿತಿ ಮೀರಿದರೆ ಆ ರಶೀದಿಗಳೊಂದಿಗೆ ಪೊಲೀಸ್ ಠಾಣೆಗೆ ದೂರು ಕೊಡಬಹುದು. ಕಂಪನಿಯ ವಿರುದ್ಧವಾದರೆ ಮೊದಲು ಆ ಕಂಪನಿಗೇ ಲಿಖಿತ ದೂರು ಕೊಟ್ಟು, 30 ದಿನಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಮೊರೆ ಹೋಗಬಹುದು. ವಿಧಾನ ತಿಳಿಯಲು 14448ಕ್ಕೆ ಕರೆ ಮಾಡಿದರೆ ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.