ಚಿಮಣಿ ಪಕ್ಕ ಸೋರುತ್ತಿದೆಯಾ? ಬಣ್ಣ ಬಳಿಯೋ ಮುಂಚೆ ಇದನ್ನು ಓದಿ

ಬೆಂಕಿಗೂಡು ಇರುವ ಮನೆಗೆ ಬಂದಿದ್ದರೆ, ಜೋರು ಮಳೆ ಬಂದ ಮಾರನೇ ದಿನ ಚಿಮಣಿ ಪಕ್ಕದ ಸೀಲಿಂಗ್, ಗೋಡೆ ಒಮ್ಮೆ ನೋಡಿ. ಕಂದು ಕಲೆ, ಉಬ್ಬಿದ ಬಣ್ಣ, ಬೆಂಕಿಗೂಡಿನಿಂದ ಮುಗ್ಗಲು ವಾಸನೆ ಇದ್ದರೆ ಎಲ್ಲೋ ನೀರು ಇಳಿಯುತ್ತಿದೆ. ಕಲೆ ಮೇಲೆ ಬಣ್ಣ ಬಳಿದು ಸುಮ್ಮನಾಗಬೇಡಿ, ಒಳಗಿನ ಮರ ಕೊಳೆಯುತ್ತಲೇ ಇರುತ್ತದೆ. ಲೈಟ್ ಹತ್ತಿರ ನೀರು ಕಂಡರೆ ಮೊದಲು ಆ ಕಡೆಯ ಕರೆಂಟ್ ಆಫ್ ಮಾಡಿ.

ಬಾಡಿಗೆ ಮನೆಯಾದರೆ ರಿಪೇರಿಗೆ ನೀವೇ ಕೈ ಹಾಕಬೇಡಿ. ಫೋಟೋ ತೆಗೆದು ಮಾಲೀಕರಿಗೆ ಬರೆದು ತಿಳಿಸಿ. ಬಾಯಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರಲ್ಲ, ಅಲ್ವಾ?

ಸ್ವಂತ ಮನೆಯಾದರೆ ಮೊದಲ ಅನುಮಾನ ಫ್ಲ್ಯಾಶಿಂಗ್ ಮೇಲಿರಲಿ. ಅಂದರೆ ಚಿಮಣಿಯೂ ಛಾವಣಿಯೂ ಸೇರುವ ಕಡೆ ಸುತ್ತ ಕೂರಿಸಿದ ತಗಡು. ಸರಿಯಾಗಿ ಮಾಡಿದ್ದರೆ ಅದರಲ್ಲಿ ಎರಡು ಪದರ ಇರುತ್ತದೆ: ಕೆಳಗಿನದು ಮೆಟ್ಟಿಲು ಮೆಟ್ಟಿಲಾಗಿ ಛಾವಣಿಯ ಜೊತೆ ಏರುತ್ತದೆ, ಮೇಲಿನದರ ಅಂಚನ್ನು ಇಟ್ಟಿಗೆ ಸಂದಿಯೊಳಗೆ ತೂರಿಸಿ ಕೆಳಗಿನದರ ಮೇಲೆ ಬಗ್ಗಿಸಿರುತ್ತಾರೆ. ಆ ಅಂಚು ಸಂದಿಯಿಂದ ಕಳಚಿಕೊಂಡರೆ ಸಾಕು, ಇಟ್ಟಿಗೆ ಮೇಲೆ ಇಳಿದ ನೀರೆಲ್ಲ ಸೀದಾ ತಗಡಿನ ಹಿಂದಕ್ಕೆ. ಸುತ್ತ ಕಪ್ಪು ಟಾರು ಮೆತ್ತಿದ್ದು ಕಂಡರೆ ಹಿಂದೆ ಇದ್ದವರು ತೇಪೆ ಹಾಕಿರಬಹುದು. ಅದು ಬಿಸಿಲಿಗೆ ಬಿರುಕು ಬಿಡುತ್ತದೆ, ಜಾಸ್ತಿ ದಿನ ಬಾಳಲ್ಲ.

ಆಮೇಲೆ ಚಿಮಣಿಯ ನೆತ್ತಿ. ಹೊಗೆ ಕೊಳವೆಗೆ ಜಾಲರಿ ಇರುವ ಮುಚ್ಚಳ ಇದೆಯಾ, ಅದರ ಕೆಳಗಿನ ಸಿಮೆಂಟ್ ಹಾಸು ಒಡೆದಿದೆಯಾ ನೋಡಿ. ಛಾವಣಿ ಹತ್ತುವುದು ಬೇಡ, ನೆಲದಲ್ಲೇ ನಿಂತು ಫೋನ್ ಜೂಮ್ ಮಾಡಿ. ಚಳಿ ಜಾಸ್ತಿ ಇರುವ ಕಡೆ ಬಿರುಕಿನೊಳಗಿನ ನೀರು ಹೆಪ್ಪುಗಟ್ಟಿ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಸಣ್ಣ ಬಿರುಕು ದೊಡ್ಡದಾಗಿ ಇಟ್ಟಿಗೆಯ ಮುಖವೇ ಎದ್ದು ಬರುತ್ತದೆ.

ಎಲ್ಲಿಂದ ಅಂತ ಗೊತ್ತಾಗದಿದ್ದರೆ ರಿಪೇರಿಯವರಿಗೆ ಪೈಪಿನಲ್ಲಿ ನೀರು ಬಿಟ್ಟು ಪರೀಕ್ಷೆ ಮಾಡಲು ಹೇಳಿ. ಕೆಳಗಿನಿಂದ ಶುರು ಮಾಡಿ ನಿಧಾನವಾಗಿ ಮೇಲಕ್ಕೆ ಹೋಗಬೇಕು, ಒಬ್ಬರು ಟಾರ್ಚ್ ಹಿಡಿದು ಅಟ್ಟದಲ್ಲಿ ಕಾಯುತ್ತಿರಬೇಕು. ಮೇಲಿನಿಂದ ಸುರಿದರೆ ಎಲ್ಲ ಕಡೆ ಒದ್ದೆಯಾಗಿ ಏನೂ ತಿಳಿಯಲ್ಲ.

"ಇಟ್ಟಿಗೆಗೆ ಪೇಂಟ್ ಹೊಡೆದುಬಿಡೋಣ" ಅಂದರೆ ಒಪ್ಪಬೇಡಿ. ಒಳಗೆ ಸೇರಿದ ನೀರು ಅಲ್ಲೇ ಉಳಿಯುತ್ತದೆ. ಸಂದಿಗಳ ಗಾರೆ ಸರಿಮಾಡಿಸಿ, ಆಮೇಲೆ ಆವಿ ಹೊರಗೆ ಬಿಡುವಂಥ ನೀರುನಿರೋಧಕ ಹಚ್ಚಿಸಿ. ಸೈಲೋಕ್ಸೇನ್ (ಸಿಲಿಕಾನ್ ಆಧಾರಿತ ರಾಸಾಯನಿಕ) ಇರುವುದನ್ನೇ ಕೇಳಿ.

ಮಳೆ ಇಲ್ಲದ ದಿನವೂ ಕಲೆ ಹಸಿಯಾಗುತ್ತಿದ್ದರೆ ಅದು ಸೋರಿಕೆ ಅಲ್ಲದೆ ಇರಬಹುದು. ಗ್ಯಾಸ್ ಹೀಟರಿನ ಹೊಗೆಯಲ್ಲಿರುವ ಆವಿ ತಣ್ಣನೆ ಕೊಳವೆಯೊಳಗೆ ನೀರಾಗಿ ಇಳಿಯುತ್ತಿರಬಹುದು. ಇದನ್ನು ಮುಂದೂಡಬೇಡಿ. ಕೊಳವೆ ಸರಿಯಿಲ್ಲ ಅಂದರೆ ಕಾರ್ಬನ್ ಮಾನಾಕ್ಸೈಡ್ ಕೂಡ ಮನೆಯೊಳಗೆ ಬರಬಹುದು, ಹಾಗಾಗಿ ಪರಿಣತರು ನೋಡಿ ಹೇಳುವ ತನಕ ಆ ಹೀಟರ್ ಹಚ್ಚಬೇಡಿ.