ಟ್ರಂಕಿನ ಕೌದಿಗಳು: ಯಾವುದನ್ನ ಇಟ್ಕೋಬೇಕು, ಯಾವುದನ್ನ ಕೊಡಬೇಕು?

ದೀಪಾವಳಿಗೆ ಸುಣ್ಣ-ಬಣ್ಣ ಶುರುವಾಯಿತು ಅಂದರೆ ದಾವಣಗೆರೆಯ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ತಳದಲ್ಲಿ ಹಳೇ ಸೀರೆ-ಬಟ್ಟೆಗಳನ್ನು ಪದರ ಪದರವಾಗಿಟ್ಟು ಅಜ್ಜಿ ಹೊಲಿದ ಹೊದಿಕೆಗಳು, ಅಂದರೆ ಕೌದಿಗಳಿರುತ್ತವೆ. ಅದೇ ಹೊತ್ತಿಗೆ ಬೀದಿಯಲ್ಲಿ ಹಳೇ ಬಟ್ಟೆಗೆ ಪಾತ್ರೆ ಕೊಡುವವರ ಕೂಗು ಕೇಳುತ್ತದೆ. ನಮ್ಮ ಸಂಬಂಧಿಕರ ಮನೆಯೊಂದರಲ್ಲಿ ಹೀಗೇ ಒಂದೇ ಮಧ್ಯಾಹ್ನ ಆರು ಕೌದಿ ಹೋದವು. ಬಂದದ್ದು ಒಂದು ಸ್ಟೀಲ್ ಡಬರಿ. ಸಂಜೆ ಮನೆಯ ಹಿರಿಯಮ್ಮ ಬಂದು "ಆ ಹಸಿರು ಅಂಚಿಂದು ಎಲ್ಲೈತಿ?" ಅಂತ ಕೇಳಿದರು. ಯಾರೂ ಮಾತಾಡಲಿಲ್ಲ. ಅದರಲ್ಲಿದ್ದದ್ದು ಅವರ ತಾಯಿಯ ಮದುವೆ ಸೀರೆ.

ಇದಕ್ಕೆ ತದ್ವಿರುದ್ಧವಾದದ್ದನ್ನೂ ನೋಡಿದ್ದೇನೆ. ಚಿತ್ರದುರ್ಗದ ಒಂದು ಮನೆಯಲ್ಲಿ ಹದಿನಾಲ್ಕು ಕೌದಿಗಳನ್ನು ಒಂದೂ ಕೊಡದೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಇಟ್ಟಿದ್ದರು. ಹತ್ತು ವರ್ಷ ಬಿಟ್ಟು ಬಿಚ್ಚಿದರೆ ಒಂಬತ್ತಕ್ಕೆ ಬೂಷ್ಟು ಹಿಡಿದಿತ್ತು. ಹಾಗೆ ಹಾಳಾದದ್ದು ಮನೆಯವರಿಗೂ ಇಲ್ಲ, ಹೊದೆಯುವವರಿಗೂ ಇಲ್ಲ.

ಎರಡೂ ಕಡೆ ಆದದ್ದು ಒಂದೇ. ಕೌದಿಯನ್ನು ಬಿಡಿಸಿ ನೋಡದೆ ತೀರ್ಮಾನ ಮಾಡಿದರು. ಹಾಗಾಗಿ ಬಣ್ಣ ಹೊಡೆಯುವ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ. ಬಿಸಿಲಿರುವ ಎರಡು ದಿನ ಬಿಡುವು ಮಾಡಿಕೊಳ್ಳಿ.

ಮೊದಲು ಗಾಳಿಗೆ ಹಾಕಿ

ಎಲ್ಲವನ್ನೂ ಹೊರಗೆ ತೆಗೆದು ಒಂದು ದಿನ ನೆರಳಲ್ಲಿ ಹರಡಿ. ಅಷ್ಟೇ.

ಆಮೇಲೆ ಮನೆಯ ಹಿರಿಯರನ್ನು ಕೂರಿಸಿಕೊಳ್ಳಿ

ಅವ್ವ, ಅಜ್ಜಿ, ದೊಡ್ಡವ್ವ, ಅತ್ತೆ, ಯಾರಿದ್ದರೂ ಸರಿ. ಒಂದೊಂದೇ ಕೌದಿಯನ್ನು ಅವರ ತೊಡೆಯ ಮೇಲೆ ಹಾಸಿ. "ಇದು ಬೇಕಾ, ಬೇಡವಾ?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಎಲ್ಲವೂ ಬೇಕು ಅನ್ನುತ್ತಾರೆ, ಇಲ್ಲಾ ಬೇಸರದಿಂದ ಎಲ್ಲ ಒಯ್ದುಬಿಡು ಅನ್ನುತ್ತಾರೆ. "ಈ ತುಂಡು ಯಾರ ಸೀರೆದು?" ಅಂತ ಕೇಳಿ. ಕೈ ತಾನೇ ತುಂಡಿಂದ ತುಂಡಿಗೆ ಹೋಗುತ್ತದೆ. ಇದು ಬಾಣಂತನಕ್ಕೆ ತಂದಿದ್ದು, ಇದು ನಿಮ್ಮಪ್ಪನ ಅಂಗಿ, ಇದು ನೆರೆಮನೆಯವರು ಕೊಟ್ಟ ಚೂರು.

ಇನ್ನೂ ಮೂರು ಮಾತು ಕೇಳಿಕೊಳ್ಳಿ. ಹೊಲಿದವರು ಯಾರು? ಯಾರಿಗಾದರೂ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದಾರಾ? ತೀರಿಕೊಂಡವರ ಬಟ್ಟೆ ಒಳಗಿದ್ದರೆ ಹೊರಗಿನವರಿಗೆ ಕೊಡುವುದು ಮನೆಯಲ್ಲಿ ಸರಿ ಅನ್ನಿಸುತ್ತದಾ? ಕೊನೆಯದಕ್ಕೆ ಒಂದೊಂದು ಮನೆಯಲ್ಲಿ ಒಂದೊಂದು ಉತ್ತರ. ವಾದ ಬೇಡ, ಹಿರಿಯರ ಮಾತು ನಡೆಯಲಿ.

ಕೇಳಿದ್ದನ್ನು ಆಗಲೇ ಬರೆದಿಡಿ. ಫೋನಲ್ಲಿ ಫೋಟೊ ತೆಗೆದರೆ ಸಾಕು ಅನ್ನುವವರಿದ್ದಾರೆ. ಫೋನು ಬದಲಾಗುತ್ತದೆ, ಕೌದಿ ಬದಲಾಗುವುದಿಲ್ಲ. ಎರಡು ಬೆರಳಗಲ ಬಿಳಿ ಬಟ್ಟೆಯ ಮೇಲೆ ಹೊಲಿದವರ ಹೆಸರು, ಊರು, ಗೊತ್ತಿದ್ದರೆ ವರ್ಷ, ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಅಕ್ಷರದ ಮೇಲೆ ದಾರ ಓಡಿಸಿ, ಪಟ್ಟಿಯನ್ನು ಕೌದಿಯ ಮೂಲೆಗೆ ಹೊಲಿಯಿರಿ. ಮಾರ್ಕರ್ ಪೆನ್ನು ಬೇಡ. ಒದ್ದೆಯಾದರೆ ಪಕ್ಕದ ಬಟ್ಟೆಗೆಲ್ಲ ಹಬ್ಬುತ್ತದೆ.

ಇಲ್ಲೇ ಎಲ್ಲರೂ ಎಡವುವುದು: ಹೋಗಿದ್ದು ದಾರವಾ, ಬಟ್ಟೆಯಾ?

ಹರಿದಿದೆ ಅಂದ ಕೂಡಲೇ ಒಲೆಗೋ ಒರೆಸುವುದಕ್ಕೋ ಹಾಕುತ್ತಾರೆ. ಚೆನ್ನಾಗಿ ಕಾಣುತ್ತದೆ ಅಂದ ಕೂಡಲೇ ಮಗುವಿಗೆ ಹೊದಿಸುತ್ತಾರೆ. ಎರಡರಲ್ಲೂ ಮೋಸ ಹೋಗಬಹುದು. ಕೌದಿ ಹಾಳಾಗುವುದು ಎರಡು ರೀತಿ. ದಾರ ಹೋದರೆ ಮತ್ತೆ ಹೊಲಿಯಬಹುದು. ಬಟ್ಟೆಯೇ ಹೋದರೆ ಏನೂ ಮಾಡಲಾಗುವುದಿಲ್ಲ. ಇದನ್ನು ಗುರುತಿಸಲು ಕಲಿತರೆ ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ.

ಬೆಳಿಗ್ಗೆ ಎಂಟು-ಒಂಬತ್ತರ ಬಿಸಿಲಿಗೆ ಇಬ್ಬರು ಎದುರುಬದುರು ನಿಂತು ಕೌದಿಯನ್ನು ಎತ್ತಿ ಹಿಡಿಯಿರಿ. ಟ್ಯೂಬ್‌ಲೈಟ್ ಬೆಳಕಲ್ಲಿ ಇದು ಕಾಣುವುದಿಲ್ಲ. ಪದರಗಳು ಸರಿಯಾಗಿದ್ದರೆ ಬೆಳಕು ಎಲ್ಲ ಕಡೆ ಮಂದವಾಗಿ ಒಂದೇ ಸಮ ಬರುತ್ತದೆ. ಒಳಗಿನ ಬಟ್ಟೆ ಜಾರಿದ್ದರೆ ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ಗಂಟು ಕಟ್ಟಿದ ನೆರಳು. ಚುಕ್ಕಿ ಚುಕ್ಕಿ ಬೆಳಕು ಕಂಡರೆ ಅದು ಹುಳದ ಕೆಲಸ.

ಈಗ ಚಾಪೆಯ ಮೇಲೆ ಹಾಸಿ. ಕೌದಿಯ ಹೊಲಿಗೆ ಸಾಮಾನ್ಯವಾಗಿ ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ನಡುವಿಗೆ ಹೋಗುತ್ತದೆ. ನೀವೂ ಅದೇ ದಾರಿಯಲ್ಲಿ ಬೆರಳು ಓಡಿಸಿ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿ. ಒಳಗೆ ಬಟ್ಟೆ ಮೆತ್ತಗೆ ಜಾರಿದರೆ ಜೀವ ಇದೆ. ಒಣಗಿದ ಎಲೆ ಮುರಿದ ಹಾಗೆ ಚರಚರ ಅಂದರೆ ಆ ಪದರ ಪುಡಿಯಾಗುತ್ತಿದೆ.

ತೂತಿನ ಅಂಚನ್ನು ಹತ್ತಿರದಿಂದ ನೋಡಿ. ಎಳೆಗಳು ಉದ್ದಕ್ಕೆ, ಮೆತ್ತಗೆ ಜೋತುಬಿದ್ದಿದ್ದರೆ ಅದು ಹೊದ್ದು ಹೊದ್ದು ಸವೆದದ್ದು. ತೇಪೆ ಹಾಕಿದರೆ ಇನ್ನೂ ಹತ್ತು ವರ್ಷ ಬಾಳುತ್ತದೆ. ಎಳೆಗಳು ಗಿಡ್ಡಗೆ ಕತ್ತರಿಸಿದ ಹಾಗಿದ್ದು, ಬೆರಳಿಗೆ ಪುಡಿ ಹತ್ತಿದರೆ ತೇಪೆ ನಿಲ್ಲುವುದಿಲ್ಲ. ಸೂಜಿ ಹಾಕಿದಲ್ಲೆಲ್ಲ ಹೊಸ ತೂತಾಗುತ್ತದೆ.

ಕಪ್ಪು, ಗಾಢ ಕಂದು ತುಂಡುಗಳನ್ನು ಬೇರೆಯಾಗಿ ನೋಡಿ. ಹಿಂದೆ ಆ ಬಣ್ಣಗಳಿಗೆ ಕಬ್ಬಿಣದ ಅಂಶ ಸೇರಿಸುವ ಪದ್ಧತಿ ಇತ್ತು. ಅದು ವರ್ಷ ಕಳೆದಂತೆ ನೂಲನ್ನೇ ತಿನ್ನುತ್ತದೆ. ನಮ್ಮಜ್ಜಿಯ ಕೌದಿಯಲ್ಲಿ ಕೆಂಪು, ಹಳದಿ ಎಲ್ಲ ಗಟ್ಟಿ ಇದ್ದು, ಕಪ್ಪು ಚಂದ್ರಕಾಳಿ ಸೀರೆಯ ತುಂಡುಗಳು ಮಾತ್ರ ಜಾಳು ಜಾಳಾಗಿದ್ದವು. ಅಷ್ಟಕ್ಕೇ ಇಡೀ ಕೌದಿ ಹೋಯಿತು ಅಂತ ತಿಳಿಯಬೇಡಿ. ಆ ತುಂಡಿನ ಮೇಲೆ ತೆಳು ಹತ್ತಿ ಬಟ್ಟೆ ಇಟ್ಟು ಸುತ್ತಲೂ ಹೊಲಿದರೆ ಸಾಕು.

ಇನ್ನು ದಾರ. ಸೂಜಿಯ ತುದಿಯಿಂದ ಒಂದು ಹೊಲಿಗೆಯನ್ನು ಸ್ವಲ್ಪ ಎತ್ತಿ. ಟಕ್ಕಂತ ತುಂಡಾದರೆ ದಾರದ ಆಯಸ್ಸು ಮುಗಿದಿದೆ. ಹಳೆಯ ತೂತುಗಳಲ್ಲೇ ಹೊಸ ದಾರ ಓಡಿಸಿ. ದಪ್ಪ ಹತ್ತಿ ದಾರ ದಾವಣಗೆರೆಯ ಚೌಕಿಪೇಟೆಯಲ್ಲಿ ಕೇಳಿದರೆ ಸಿಗುತ್ತದೆ. ಮಿಷನ್ನಿನ ನೈಲಾನ್ ದಾರ ದಯವಿಟ್ಟು ಹಾಕಬೇಡಿ. ಅದು ಬಟ್ಟೆಗಿಂತ ಗಟ್ಟಿ. ಎಳೆದಾಗ ದಾರ ಉಳಿದು ಬಟ್ಟೆ ಸೀಳುತ್ತದೆ.

ಕೊನೆಗೆ ಒಳಗೇನಿದೆ ಅಂತ ನೋಡಿ. ಒಂದು ಗೇಣು ಅಂಚನ್ನು ಬಿಚ್ಚಿದರೆ ಸಾಕು, ಪೂರ್ತಿ ಬಿಚ್ಚಬೇಡಿ. ಹಳೆಯ ಕೌದಿಯನ್ನೇ ಒಳಗಿಟ್ಟು ಮೇಲೆ ಹೊಸದು ಹೊಲಿದಿರುವುದೂ ಉಂಟು. ನಾನು ಬಿಚ್ಚಿದ ಒಂದರಲ್ಲಿ ಅಜ್ಜನ ಧೋತರ ಸಿಕ್ಕಿತು. ಅದರ ಕೊನೆಯಲ್ಲಿ ಮಿಲ್ಲಿನ ನೀಲಿ ಮುದ್ರೆ, ಅರ್ಧ ಅಳಿಸಿತ್ತು. ಹತ್ತಿ ಗಿರಣಿಗಳಿಂದಾಗಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರಲ್ಲ, ಆ ಕಾಲದ್ದು. ಈಗ ಗಿರಣಿ ಇಲ್ಲ, ಆ ಮುದ್ರೆ ನಮ್ಮ ಟ್ರಂಕಿನಲ್ಲಿದೆ. ಆ ಕೌದಿಯನ್ನು ನಾನು ಯಾರಿಗೂ ಕೊಡುವುದಿಲ್ಲ.

ಒಳಗಿರುವುದು ಹತ್ತಿಯಾ, ನೈಲೆಕ್ಸ್ ಅನ್ನುವ ನೈಲಾನ್ ಬಟ್ಟೆಯಾ ಅಂತ ಅನುಮಾನ ಬಂದರೆ ಒಂದೇ ಒಂದು ಎಳೆ ತೆಗೆದು, ನೀರಿನ ತಟ್ಟೆಯ ಮೇಲೆ ಚಿಮಟದಲ್ಲಿ ಹಿಡಿದು ಸುಡಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ನೈಲೆಕ್ಸ್, ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಥದ್ದು ಬೆವರು ಹೀರುವುದಿಲ್ಲ, ಮಗುವಿಗೆ ಬೇಡ. ನೆಲದ ಮೇಲೆ ಹಾಸಲು ಬಹಳ ಒಳ್ಳೆಯದು.

ತೊಳೆಯದೆ ಕೊಡಬೇಡಿ, ಇಡಲೂಬೇಡಿ

ವಾಷಿಂಗ್ ಮಷಿನ್ ಬೇಡ. ನಾಲ್ಕೈದು ಸೀರೆಯ ಕೌದಿ ನೆಂದರೆ ಮೂರು ಪಟ್ಟು ಭಾರವಾಗುತ್ತದೆ. ಆ ಭಾರದಲ್ಲಿ ತಿರುಗಿದರೆ ಹೊಲಿಗೆ ಕಿತ್ತುಹೋಗುತ್ತದೆ. ಒಗೆಯುವ ಕಲ್ಲಿಗೆ ಬಡಿಯುವುದೂ ಹಾಗೇ.

ಒದ್ದೆ ಬಿಳಿ ಬಟ್ಟೆಯನ್ನು ಪ್ರತಿ ಬಣ್ಣದ ಮೇಲೆ ಒತ್ತಿ ನೋಡಿ. ಬಣ್ಣ ಹತ್ತಿದರೆ ತೊಳೆಯಬೇಡಿ, ಬರೀ ಗಾಳಿ ಸಾಕು. ಹತ್ತದಿದ್ದರೆ ದೊಡ್ಡ ಟಬ್ಬಿನಲ್ಲಿ ತಣ್ಣೀರು, ಅಂಟುವಾಳದ ನೊರೆ, ಅರ್ಧ ಗಂಟೆ ನೆನೆಸಿ. ಕೈಯಲ್ಲಿ ಒತ್ತಿ, ಹಿಂಡಬೇಡಿ. ಟಬ್ಬಿನ ತಳದಲ್ಲಿ ಮೊದಲೇ ಹಳೆಯ ಬೆಡ್‌ಶೀಟ್ ಹಾಸಿಡಿ. ಎತ್ತುವಾಗ ಶೀಟಿನ ನಾಲ್ಕು ಮೂಲೆ ಹಿಡಿದು ಎತ್ತಿದರೆ ಭಾರ ಹೊಲಿಗೆಯ ಮೇಲೆ ಬೀಳುವುದಿಲ್ಲ. ಹಗ್ಗಕ್ಕೆ ಹಾಕದೆ ಮಂಚದ ಮೇಲೆ ಹರಡಿ, ಮೇಲೊಂದು ತೆಳು ಬಟ್ಟೆ ಮುಚ್ಚಿ ಒಣಗಿಸಿ.

ಬ್ಲೀಚ್ ಹಾಕಿ ಕಲೆ ತೆಗೆಯುವ ಆಸೆ ಬೇಡ. ಕಲೆಯ ಜೊತೆ ಬಟ್ಟೆಯ ಬಲವೂ ಹೋಗುತ್ತದೆ. ಪರಿಮಳ ಬರಿಸುವ ಕಂಡೀಷನರ್ ಕೂಡ ಸುಮ್ನೆ ದುಡ್ಡು ದಂಡ, ಹತ್ತಿಯ ನೀರು ಹೀರುವ ಗುಣವನ್ನು ಕಡಿಮೆ ಮಾಡುತ್ತದೆ.

ಈಗ ಎಣಿಕೆ

ಮನೆಗೆ ಎಷ್ಟು ಬೇಕು? ನಾನು ಹೇಳುವ ಲೆಕ್ಕ ಸುಲಭ. ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆಗ ಮನೆ ತುಂಬಾ ನೆಂಟರು, ಪಡಸಾಲೆಯಲ್ಲೂ ಹಾಸಿಗೆ. ಹೋದ ಜಾತ್ರೆಯಲ್ಲಿ ಎಷ್ಟು ಕೌದಿ ಹೊರಗೆ ಬಂದವು ಅಂತ ನೆನಪು ಮಾಡಿಕೊಳ್ಳಿ. ಅಷ್ಟು ಇಟ್ಟುಕೊಳ್ಳಿ. ಜಾತ್ರೆಗೂ ಹೊರಗೆ ಬಾರದ ಗಟ್ಟಿ ಕೌದಿ ಬೇರೆಯವರ ಮನೆಯಲ್ಲಿ ಕೆಲಸಕ್ಕೆ ಬರಬೇಕಾದದ್ದು.

ಇದರ ಹೊರತಾಗಿ ಒಂದು, ಹೆಚ್ಚೆಂದರೆ ಎರಡನ್ನು ನೆನಪಿಗೆ ಅಂತಲೇ ಇಡಿ. ಬಟ್ಟೆ ಪುಡಿಯಾಗುತ್ತಿದ್ದರೂ ಪರವಾಗಿಲ್ಲ. ಎಲ್ಲವೂ ನೆನಪೇ ಅಂತ ಶುರುಮಾಡಿದರೆ ಹದಿನಾಲ್ಕು ಕೌದಿಯ ಬೂಷ್ಟು ನಿಮ್ಮ ಮನೆಗೂ ಬರುತ್ತದೆ.

ಅಕ್ಕ-ತಂಗಿ ಇಬ್ಬರಿಗೂ ಒಂದೇ ಕೌದಿ ಬೇಕಾದರೆ? ಕತ್ತರಿಸಿ ಹಂಚಿಕೊಂಡವರನ್ನು ನೋಡಿದ್ದೇನೆ. ಸುತ್ತು ಸುತ್ತಾಗಿ ಬಂದ ದಾರ ಎಲ್ಲಿ ಕತ್ತರಿಸಿದರೂ ಅಲ್ಲಿಂದ ಬಿಚ್ಚಿಕೊಳ್ಳುತ್ತದೆ. ಒಂದು ವರ್ಷದಲ್ಲಿ ಇಬ್ಬರ ಕೈಯಲ್ಲೂ ಚಿಂದಿ. ವರ್ಷಕ್ಕೊಬ್ಬರು ಇಟ್ಟುಕೊಳ್ಳಿ. ಪಂಚಮಿಗೆ ತವರಿಗೆ ಬಂದಾಗ ಕೈ ಬದಲಾಗಲಿ.

ಯಾರಿಗೆ, ಯಾವಾಗ

ಕೊಡುತ್ತೇನೆ ಅಂತ ಯಾರಿಗೆ ಮಾತು ಕೊಟ್ಟಿದೆಯೋ ಮೊದಲು ಅವರಿಗೆ. ಆಮೇಲೆ ಬಾಣಂತಿಯರಿರುವ ಮನೆಗೆ. ಮಗುವಿಗೆ ಕೊಡುವ ಕೌದಿಗೆ ನುಸಿ ಗುಳಿಗೆಯ (ನ್ಯಾಫ್ತಲೀನ್ ಉಂಡೆಯ) ವಾಸನೆ ಇರಲೇಬಾರದು. ಕೆಲವು ಶಿಶುಗಳಿಗೆ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ ಇರುತ್ತದೆ. ಅಂಥ ಮಗುವಿನಲ್ಲಿ ಆ ಗುಳಿಗೆಯ ಆವಿ ರಕ್ತದ ಕೆಂಪು ಕಣಗಳನ್ನು ಒಡೆದು ಕಾಮಾಲೆ ತರಬಹುದು. ವಾಸನೆ ಇದ್ದರೆ ಮಗುವಿನ ಹತ್ತಿರ ಒಯ್ಯಬೇಡಿ, ದೊಡ್ಡವರಿಗೆ ಕೊಡಿ.

ದಾವಣಗೆರೆ ಕಾಲೇಜುಗಳ ಊರು. ರೂಮು ಮಾಡಿಕೊಂಡಿರುವ ಹಳ್ಳಿ ಹುಡುಗರಿಗೆ ತಳದ ಹಾಸಿಗೆಯೇ ಇರುವುದಿಲ್ಲ. ನೈಲೆಕ್ಸ್ ಕೌದಿ ಅವರಿಗೆ ಹೇಳಿ ಮಾಡಿಸಿದ್ದು. ತೀರಾ ಜಾಳಾದದ್ದನ್ನು ಮನುಷ್ಯರಿಗೆ ಕೊಡಬೇಡಿ. ಬಡವರಿಗೆ ಇದೇ ಸಾಕು ಅನ್ನುವ ಮಾತು ನನಗೆ ಸಹಿಸಲು ಆಗುವುದಿಲ್ಲ. ಅದು ಕರುವಿಗೋ ನಾಯಿಮರಿಗೋ ಹಾಸಲು ಆಗುತ್ತದೆ.

ಕೊಡುವ ಕಾಲ ದೀಪಾವಳಿ ಕಳೆದು ಸಂಕ್ರಾಂತಿಯ ಒಳಗೆ. ಚಿತ್ರದುರ್ಗದ ಕಡೆ ಆಗ ರಾತ್ರಿ ಚಳಿ ಜಾಸ್ತಿ, ಕೌದಿ ಕೊಟ್ಟ ದಿನವೇ ಹೊದೆಯುತ್ತಾರೆ. ಬೇಸಿಗೆಯಲ್ಲಿ ಕೊಟ್ಟದ್ದು ಅವರ ಮನೆಯ ಅಟ್ಟಕ್ಕೆ ಹೋಗುತ್ತದೆ.

ಇಟ್ಟುಕೊಂಡಿದ್ದಕ್ಕೆ

ಕಬ್ಬಿಣದ ಟ್ರಂಕಾದರೆ ಒಳಗೆ ಬಿಳಿ ಹತ್ತಿ ಬಟ್ಟೆ ಹಾಸಿ, ಇಲ್ಲದಿದ್ದರೆ ತುಕ್ಕಿನ ಕಲೆ ಬೀಳುತ್ತದೆ. ಬೇವಿನ ಸೊಪ್ಪು ಇಡುವುದಾದರೆ ಪೂರ್ತಿ ಒಣಗಿರಲಿ. ಗಾಳಿ ಹೀರಿ ಚಪ್ಪಟೆ ಮಾಡುವ ಪ್ಲಾಸ್ಟಿಕ್ ಚೀಲಗಳನ್ನು ಈಗ ಜೋರಾಗಿ ಮಾರುತ್ತಿದ್ದಾರೆ, ಕೊಳ್ಳಬೇಡಿ. ತೇವ ಒಳಗೇ ಉಳಿಯುತ್ತದೆ. ಚಳ್ಳಕೆರೆ ಕಂಬಳಿ ಇದ್ದರೆ ಬೇರೆ ಇಡಿ. ಉಣ್ಣೆಗೆ ಬರುವ ನುಸಿ ಬೇರೆ, ಗಂಜಿ ಹಾಕಿದ ಹತ್ತಿಗೆ ಬರುವ ಬೆಳ್ಳಿ ಹುಳ (ಸಿಲ್ವರ್‌ಫಿಶ್) ಬೇರೆ. ವರ್ಷಕ್ಕೆರಡು ಸಲ ತೆಗೆದು ಮಡಿಕೆ ಬದಲಿಸಿ. ಒಂದೇ ಗೆರೆಯಲ್ಲಿ ಮಡಚಿಟ್ಟರೆ ಅಲ್ಲೇ ಸೀಳುತ್ತದೆ.

ಕೊಡುವ ಕೌದಿಗೆ ಹೆಸರಿನ ಪಟ್ಟಿ ಹಾಗೇ ಇರಲಿ, ಬಿಚ್ಚಬೇಡಿ. ಅದರ ಮಡಿಕೆಯೊಳಗೆ ನೀವು ಹೊಲಿದ ಅದೇ ಹತ್ತಿ ದಾರದ ಒಂದು ಉಂಡೆ, ಒಂದು ದಪ್ಪ ಸೂಜಿ ಇಟ್ಟು ಕೊಡಿ. ಮುಂದಿನ ತೇಪೆ ಅವರು ಹಾಕಿಕೊಳ್ಳುತ್ತಾರೆ.